ಅನುಮತವೂ ಹಿಂಸೆಯೇ: ‘ಗುಲಾಬಿ ಟಾಕೀಸ್’ ಮತ್ತು ಶ್ರಾವಕರ ಮೌನ

ಮತೀಯ ಕಲಹಗಳು ಅನ್ಯರ ಜಗಳ, ಕೈಯೆತ್ತದ ಶ್ರಾವಕನಿಗೆ ಅದರ ಪಾಪದಲ್ಲಿ ಪಾಲಿಲ್ಲ ಎಂಬ ಸಮಾಧಾನದ ಮಾತು ಕರಾವಳಿಯ ಜೈನ ಸಮಾಜದಲ್ಲಿ ಕೇಳಿಬರುವುದುಂಟು. ಈ ಸಮಾಧಾನಕ್ಕೆ ಶಾಸ್ತ್ರದ ಆಧಾರವಿಲ್ಲ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ನಿರ್ದೇಶಿಸಿದ ‘ಗುಲಾಬಿ ಟಾಕೀಸ್’ ಚಿತ್ರವನ್ನು ಕಂಡವರಿಗೆ ಶಾಸ್ತ್ರದ ನೆರವಿಲ್ಲದೆಯೂ ಇದು ಮನದಟ್ಟಾಗುತ್ತದೆ.

ಮಣಿಪಾಲದ ಲೇಖಕಿ ವೈದೇಹಿಯವರ ಕಥೆಯನ್ನು ಆಧರಿಸಿದ ಈ ಚಿತ್ರದ ಊರು ಕುಂದಾಪುರದ ಕಡೆಯ ಮೀನುಗಾರರ ಕುದ್ರು. ಅಲೆವೂರಿನಿಂದ ಸುಮಾರು ಒಂದು ಗಂಟೆಯ ದಾರಿ. ಕಾಲ, 1999ರ ಕಾರ್ಗಿಲ್ ಯುದ್ಧದ ಆಸುಪಾಸು. ಗುಲಾಬಿ ಮುಸ್ಲಿಂ ಸೂಲಗಿತ್ತಿ, ಗಂಡ ಬಿಟ್ಟವಳು. ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರವಿದು. ಹೆರಿಗೆ ಮಾಡಿಸಿದ ಉಪಕಾರಕ್ಕೆ ಪ್ರತಿಯಾಗಿ ಡಿಶ್ ಸಹಿತ ಟಿ.ವಿ.ಯೊಂದು ಆಕೆಯ ಗುಡಿಸಲಿಗೆ ಬರುತ್ತದೆ. ಗಂಡಸರು ಕಡಲಿಗಿಳಿದ ವೇಳೆಯಲ್ಲಿ ನೆರೆಯ ಹೆಂಗಸರು ಬಂದು ಸೇರುತ್ತಾರೆ. ಕೆಲವರು ಒಳಗೆ ಕಾಲಿಡದೆ ಹೊರಗಿನಿಂದಲೇ ನೋಡುತ್ತಾರೆ. ನೇತ್ರು ಎಂಬ ಹುಡುಗಿ ಆಕೆಗೆ ಆಪ್ತಳಾಗುತ್ತಾಳೆ. ಅವಳು ಕಾಣೆಯಾದಾಗ ಅಪವಾದ ಬರುವುದು ಗುಲಾಬಿಯ ತಲೆಗೇ.

ಇದೇ ಹೊತ್ತಿಗೆ ಮುಸ್ಲಿಂ ಮಾಲೀಕನೊಬ್ಬನ ಟ್ರಾಲರುಗಳಿಗೂ ಸಣ್ಣ ದೋಣಿಯವರಿಗೂ ಇದ್ದ ವೈಷಮ್ಯ ಮತದ ಬಣ್ಣ ತಳೆಯುತ್ತದೆ. ವ್ಯಾಪಾರಿಗಳು ಇದನ್ನು ಗಮನಿಸಬೇಕು: ಜಗಳದ ಬೇರು ಮೀನಿನ ಲೆಕ್ಕದಲ್ಲಿದೆ, ದೇವರಲ್ಲಿಲ್ಲ. ಕೊನೆಗೆ ಗುಲಾಬಿಯನ್ನು ಬಲವಂತವಾಗಿ ದೋಣಿಗೆ ಹತ್ತಿಸಲಾಗುತ್ತದೆ. ಹಿಂದೆ ಆ ಮನೆಯ ಹೊಸ್ತಿಲು ತುಳಿಯಲೊಲ್ಲದ ಮುದುಕಿಯರು ಆಕೆ ಹೋದ ಮೇಲೆ ಟಿ.ವಿ. ನೋಡಲು ಒಳಗೆ ಹೋಗುತ್ತಾರೆ. ಅವರು ಯಾರ ಮೇಲೂ ಕೈಯೆತ್ತಿದವರಲ್ಲ.

ಆದರೆ ಉಮಾಸ್ವಾಮಿಗಳ ಲೆಕ್ಕ ಬೇರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಚನಕಾಯಗಳ ಮೂರರಿಂದಲೂ, ಕೃತ, ಕಾರಿತ, ಅನುಮತಗಳ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ ಮಣಿಗಳಷ್ಟು. ತಾನೇ ಮಾಡಿದ್ದರ ಪಾಲು ಅದರಲ್ಲಿ 36 ಮಾತ್ರ. ಪರರು ಮಾಡಿದ್ದಕ್ಕೆ ಒಪ್ಪಿದ್ದರ ಪಾಲೂ 36.

2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ನಿರಾಕರಿಸಲಾಯಿತು. ಆ ನಿರ್ಣಯ ಜೈನರದ್ದಲ್ಲ, ನಿಜ. ಆದರೆ ಪಕ್ಕದವನ ಅಂಗಡಿ ಏಳದೆ ತನ್ನ ಗಿರಾಕಿ ಹೆಚ್ಚಿತೆಂದು ಒಳಗೊಳಗೇ ಹಿಗ್ಗುವ ವ್ಯಾಪಾರಿ ಯಾವ ಮತದವನೇ ಆಗಿರಲಿ, ಆ ಲಾಭವನ್ನು ಯಾವ ಖಾತೆಗೆ ಬರೆಯುತ್ತಾನೆ? ಮನಸಾ ಅನುಮತ, ಲೋಭ ಕಷಾಯ. ಸೂತ್ರದಲ್ಲಿ ಆ ಖಾತೆಗೆ ಹೆಸರಿದೆ.

ಸಣ್ಣ ಸಮಾಜ, ಸುಮ್ಮನಿರುವುದೇ ಕ್ಷೇಮ ಎನ್ನುವವರಿದ್ದಾರೆ. ಅದು ಭಯ, ಭಯವನ್ನು ಭಯವೆಂದೇ ಕರೆಯಲಿ, ಅಹಿಂಸೆಯ ಹೆಸರು ಅದಕ್ಕೆ ಬೇಡ. 2014ರಲ್ಲಿ ಕೇಂದ್ರ ಸರಕಾರದಿಂದ ಅಲ್ಪಸಂಖ್ಯಾತರೆಂಬ ಮಾನ್ಯತೆ ಪಡೆದ ಸಮಾಜವು ಆ ಪದದ ಸೌಲಭ್ಯವನ್ನಷ್ಟೇ ಸ್ವೀಕರಿಸಿ ಅದರ ನೆಂಟಸ್ತಿಕೆಯನ್ನು ನಿರಾಕರಿಸುವುದು ನ್ಯಾಯವೇ?

ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ದಿನ. ಅಂದು ಸಂಜೆ ಉಪನ್ಯಾಸದ ಬದಲು ಬಸದಿಗಳ ಆಡಳಿತ ಮಂಡಳಿಗಳು ಈ ಚಿತ್ರವನ್ನು ತೋರಿಸಬಹುದು. ನೆರೆಯ ಬ್ಯಾರಿ ಕುಟುಂಬಗಳನ್ನೂ ಕರೆಯಬಹುದು. ಬಸದಿಯೊಳಗೆ ಸಿನಿಮಾ ಕೂಡದೆಂಬ ಆಕ್ಷೇಪಕ್ಕೆ ಎಡೆಯಿಲ್ಲ. ಮದುವೆಗಳಿಗೆ ಬಾಡಿಗೆಗೆ ಕೊಡುವ ಸಭಾಭವನ ಸಾಕು.