ಆ ಪೆಟ್ಟಿಗೆಗೆ ತೂತು ಕೊರೆಯಬೇಡಿ

ಹಳೆಯ ಸ್ಪೀಕರಿನ ಬಾಸ್ ಹೆಚ್ಚಲು ಪೆಟ್ಟಿಗೆಗೆ ತೂತು ಕೊರೆದು ಪೋರ್ಟ್ ಹಾಕಿ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಎಆರ್-3ಎ ಎಂಬ ಹಳೆಯ ಸ್ಪೀಕರ್ ಇಟ್ಟುಕೊಂಡವರು ಈ ಮಾತು ಕೇಳಿದರೆ ಸ್ಪೀಕರನ್ನೇ ಕಳೆದುಕೊಳ್ಳುತ್ತಾರೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ತಂದಾಗ ಅದರ ಗುಟ್ಟೇ ಮುಚ್ಚಿದ ಪೆಟ್ಟಿಗೆ: ಒಳಗೆ ಸಿಕ್ಕ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಸ್ವಸ್ಥಾನಕ್ಕೆ ಮರಳಿಸುತ್ತದೆ. ಅದೇ ತತ್ತ್ವದ 3ಎಯ 12 ಇಂಚಿನ ಸಡಿಲ ವೂಫರ್ ನಂಬಿರುವುದು ಆ ಗಾಳಿಯನ್ನೇ. ತೂತು ಬಿತ್ತೋ, ಕೋನಿಗೆ ಹಿಡಿತವೇ ಇಲ್ಲ.

ಬಾಸ್ ಸೊರಗಿದ್ದು ವಯಸ್ಸಿನಿಂದ, ವಿನ್ಯಾಸದಿಂದಲ್ಲ. ಪುಡಿಯಾದ ಫೋಮ್ ಅಂಚು ಬದಲಿಸಿ, ಗಾಳಿ ಸೋರುವ ಸಂದುಗಳನ್ನು ಮುಚ್ಚಿ (ವೂಫರಿನ ಸುತ್ತಲಿನ ಗ್ಯಾಸ್ಕೆಟ್ಟನ್ನು ಯಾರೂ ನೋಡುವುದೇ ಇಲ್ಲ!). ಟ್ವೀಟರ್ ಮಂಕಾಗಿದ್ದರೆ ಅದರ ಮಟ್ಟ ಹೊಂದಿಸುವ, ಕಿಲುಬು ಹಿಡಿದ ಪಾಟನ್ನೂ (ಪೊಟೆನ್ಶಿಯೋಮೀಟರ್) ಕ್ರಾಸ್‌ಓವರಿನ ಕೆಪಾಸಿಟರುಗಳನ್ನೂ ಪರೀಕ್ಷಿಸಿ; ಹೊಸದು ಹಾಕುವುದಾದರೆ ಅದೇ ಮೌಲ್ಯದ್ದು ಹಾಕಿ.