ಮನೆವಾರ್ತೆ: ಗೀರು ಬಿದ್ದ ಮರದ ನೆಲ

ಮಂಕಿಯಿಂದ ನಮ್ಮ ಓದುಗ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಮಗ ಕಟ್ಟಿಸಿದ ಹೊಸ ಮನೆಯ ಪಡಸಾಲೆಗೆ ‘ಎಂಜಿನಿಯರ್ಡ್ ವುಡ್’ ಎಂಬ ಮರದ ನೆಲ ಹಾಕಿಸಿದ್ದಾರಂತೆ. ಕಬ್ಬಿಣದ ಬೀರುವನ್ನು ಎಳೆದಾಗ ಉದ್ದುದ್ದ ಗೀರುಗಳು ಬಿದ್ದಿವೆ. ಇಡೀ ನೆಲವನ್ನು ಕಿತ್ತು ಬೇರೆ ಹಾಕಬೇಕೆಂದು ಕೆಲಸದವರು ಹೇಳುತ್ತಾರೆ, ಅಷ್ಟು ಹಣವಿಲ್ಲ. ಶ್ರಾವಣದಲ್ಲಿ ಮನೆಯಲ್ಲಿ ಜಂಗಮರ ಪಾದಪೂಜೆ. ಅದರೊಳಗೆ ಮನೆಯವರೇ ಉಜ್ಜಿ ಹೊಳಪು ಕೊಡಬಹುದೇ ಎಂಬುದು ಅವರ ಪ್ರಶ್ನೆ.

ಬಡಗಿಯ ಬಾಚಿಯನ್ನು ಹೆಸರಿನಲ್ಲಿಯೇ ಹೊತ್ತ ಬಾಚಿಕಾಯಕದ ಬಸವಯ್ಯನವರಂತಹ ಶರಣರ ಪರಂಪರೆ ನಮ್ಮದು; ಮರಗೆಲಸಕ್ಕೆ ಕೈಹಾಕಲು ಸಂಕೋಚ ಬೇಕಿಲ್ಲ. ಆದರೆ ಈ ಮರದ ಗುಣವನ್ನು ಮೊದಲು ತಿಳಿಯಬೇಕು. ಹಳೆಯ ಮನೆಗಳ ಮಾಳಿಗೆಗೆ ಹಾಸಿದ ಹಲಗೆ ಇಡಿಯ ಮರ. ಎಷ್ಟು ಸಲ ಉಜ್ಜಿದರೂ ಕೆಳಗೆ ಮರವೇ ಇರುತ್ತದೆ. ಹೊಸ ನೆಲದಲ್ಲಿ ಮೇಲಿನ ತೆಳುಪದರ ಮಾತ್ರ ಒಳ್ಳೆಯ ಮರ, ಅದರಡಿ ಅಡ್ಡಉದ್ದ ಅಂಟಿಸಿದ ಪ್ಲೈವುಡ್. ಆ ಪದರ ಕೆಲವದರಲ್ಲಿ 1 ಮಿ.ಮೀ.ಗೂ ಕಡಿಮೆ, ಕೆಲವದರಲ್ಲಿ 4 ಮಿ.ಮೀ.ವರೆಗೆ ಇರುತ್ತದೆ. ಬಾಗಿಲ ಬಳಿಯ ಪಟ್ಟಿಯನ್ನು ಬಿಚ್ಚಿದರೆ ಹಲಗೆಯ ಅಂಚು ಕಾಣುತ್ತದೆ; ಅಲ್ಲಿ ಅಳೆಯಿರಿ. 2 ಮಿ.ಮೀ.ಗಿಂತ ತೆಳುವಾಗಿದ್ದರೆ ಯಂತ್ರದಿಂದ ಉಜ್ಜಿಸಲೇಬಾರದು. ಒಮ್ಮೆ ಪ್ಲೈವುಡ್ ಹೊರಬಂದರೆ ಆಗ ಕೆಲಸದವರ ಮಾತೇ ನಿಜವಾಗುತ್ತದೆ. ಅಂಚಿನಲ್ಲಿ ಮರವೇ ಕಾಣದೆ ಚಿತ್ರದ ಕಾಗದ ಕಂಡರೆ ಅದು ಲ್ಯಾಮಿನೇಟ್. ಅದನ್ನು ಉಜ್ಜುವ ಮಾತೇ ಇಲ್ಲ.

ಇನ್ನು ಗೀರಿನ ಆಳ. ಉಗುರನ್ನು ಅಡ್ಡಲಾಗಿ ಎಳೆದು ನೋಡಿರಿ. ಉಗುರು ತಡೆಯದಿದ್ದರೆ, ಒದ್ದೆ ಬೆರಳು ಸವರಿದಾಗ ಬಿಳಿಗೆರೆ ಮಾಯವಾದರೆ, ಗಾಯ ವಾರ್ನಿಶಿಗೆ ಆಗಿದೆ, ಮರಕ್ಕಲ್ಲ. ಇದು ಮನೆಯವರ ಕೈಗೆ ಎಟಕುವ ಕೆಲಸ. ನೆಲವನ್ನು ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿರಿ. 220ನೇ ನಂಬರಿನ ಉಪ್ಪುಕಾಗದದಿಂದ ಮರದ ಎಳೆಯ ಗುಂಟ ಹಗುರವಾಗಿ, ಹೊಳಪು ಮಾಸುವಷ್ಟೇ ಉಜ್ಜಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಧೂಳನ್ನು ಪೂರ್ತಿ ತೆಗೆದು, ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ವಾರ್ನಿಶನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಮೊದಲು ಮೂಲೆಯಲ್ಲಿ ಅಂಗೈಯಗಲ ಬಳಿದು ನೋಡುವುದು ಜಾಣತನ. ನೆಲಕ್ಕೆ ಹಿಂದೆ ಮೇಣದ ಪಾಲಿಶ್ ಹಾಕಿದ್ದರೆ ಹೊಸ ವಾರ್ನಿಶ್ ಹಿಡಿಯುವುದಿಲ್ಲ. ಮರಕ್ಕೇ ಇಳಿದ ಒಂದೆರಡು ಆಳದ ಗೀರುಗಳಿಗೆ ಅದೇ ಬಣ್ಣದ ಮೇಣದ ಕಡ್ಡಿ ತುಂಬಿದರೆ ಸಾಕು. ಆದರೆ ಅದು ವಾರ್ನಿಶ್ ಒಣಗಿದ ಮೇಲಿನ ಕೆಲಸ.

ನಮ್ಮ ಕರಾವಳಿಯಲ್ಲಿ ಮರಕ್ಕೆ ಗೇರೆಣ್ಣೆ ಬಳಿಯುವ ರೂಢಿಯಿದೆ. ದೋಣಿಗೆ ಸರಿ, ನೆಲಕ್ಕೆ ಬೇಡ. ಅದು ಕಪ್ಪಾಗುತ್ತದೆ, ಹಸಿಯಾಗಿ ತಾಗಿದರೆ ಚರ್ಮ ಬೊಕ್ಕೆಯೇಳುತ್ತದೆ. ಅಗಸೆ ಎಣ್ಣೆ ಬಳಸುವವರು ಒಂದು ಸಂಗತಿಯನ್ನು ಮರೆಯಬಾರದು. ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ಟರ್ಪೆಂಟೈನ್ ಬೆರೆತ ವಾರ್ನಿಶ್ ಬಳಿಯುವ ದಿನ ಪಡಸಾಲೆಗೆ ತೆರೆದ ಪೂಜಾಕೋಣೆಯಲ್ಲಿ ದೀಪ, ಧೂಪ ಹಚ್ಚಬೇಡಿರಿ. ಅದರ ಆವಿಗೆ ಬೆಂಕಿ ತಗಲುತ್ತದೆ. ಅಂದಿನ ಲಿಂಗಪೂಜೆಯನ್ನು ಬೇರೆ ಕೋಣೆಯಲ್ಲಿ ಮಾಡಿಕೊಳ್ಳಬಹುದು.

ಶ್ರಾವಣದೊಳಗೆ ಎಂಬ ಅವಸರವನ್ನು ಮಾತ್ರ ನಾವು ಒಪ್ಪಲಾರೆವು. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುವ ಹೊನ್ನಾವರದ ಸೀಮೆಯಲ್ಲಿ ಆ ತಿಂಗಳ ಗಾಳಿಯೇ ಒದ್ದೆ. ವಾರ್ನಿಶ್ ಸರಿಯಾಗಿ ಒಣಗದು. ದೀಪಾವಳಿ ಕಳೆದು ಒಣಹವೆ ಬಂದ ಮೇಲೆ ಕೈಹಾಕಿರಿ. ಪಾದಪೂಜೆಗೆ ಜಮಖಾನ ಹಾಸಿ, ಪಾದದಡಿ ಅಗಲವಾದ ತಟ್ಟೆಯಿಟ್ಟರೆ ನೀರೂ ನೆಲಕ್ಕಿಳಿಯದು. ಮನೆಗೆ ಬರುವ ಜಂಗಮರು ನೆಲದ ಹೊಳಪನ್ನು ನೋಡಲು ಬರುವವರಲ್ಲ.

ವಾರ್ನಿಶ್ ಬಳಿದ ಮೇಲೆ ಒಂದು ವಾರವಾದರೂ ಭಾರದ ಸಾಮಾನು, ಜಮಖಾನ ಬೇಡ. ಬೀರು, ಮಂಚಗಳ ಕಾಲಿಗೆ ದಪ್ಪ ಉಣ್ಣೆಬಟ್ಟೆಯ ತುಂಡು ಅಂಟಿಸಿರಿ. ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇರಲಿ. ಮಂಕಿಯಂತಹ ಊರಿನಲ್ಲಿ ಬೀರುವಿಗಿಂತ ಹೆಚ್ಚು ಗೀರುವುದು ಮಕ್ಕಳ ಕಾಲಿಗಂಟಿ ಬರುವ ಕಡಲ ಮರಳು.