ಉಪ್ಪುನೀರಿಗೆ ಕ್ಯಾಮೆರಾ ಇಳಿಸುವ ಮುನ್ನ

ಮುಂಬಯಿಯ ಅಂಧೇರಿಯ ಬಾಡಿಗೆ ಅಂಗಡಿಯಿಂದ ಸಿನಿಮಾ ಕ್ಯಾಮೆರಾ ಹೊರಟರೆ ಅದರ ಬೆನ್ನಿಗೇ ಒಬ್ಬ ಅಟೆಂಡೆಂಟ್ ಹೊರಡುತ್ತಾನೆ. ಲೆನ್ಸ್ ಬದಲಿಸುವುದು, ಬ್ಯಾಟರಿ ಹಾಕುವುದು, ಜುಲೈ ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಕೊಡೆ ಹಿಡಿಯುವುದು ಅವನ ಪಾಲಿನ ಕೆಲಸ. ಛಾಯಾಗ್ರಾಹಕರು ಎಷ್ಟೇ ಹೆಸರುವಾಸಿಯಾಗಿರಲಿ, ಪ್ಯಾಕಪ್ ಆದಮೇಲೆ ಮಾಲೀಕರಿಗೆ ಉತ್ತರ ಹೇಳಬೇಕಾದವನು ಅವನು. ಹಾಗಾಗಿ ‘ನೀರೊಳಗೆ ಒಂದು ಶಾಟ್ ಇದೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅವನು ಕೇಳುವುದು ಒಂದೇ: ‘ಯಾವುದರಲ್ಲಿ ಇಳಿಸ್ತೀರಿ, ಸಾಹೇಬ್?’

ಇದಕ್ಕೆ ಮುಂಬಯಿಯಲ್ಲಿ ಎರಡು ಉತ್ತರಗಳು ಸಿಗುತ್ತವೆ. ಒಂದು ಹೌಸಿಂಗ್. ಅಲ್ಯೂಮಿನಿಯಂ ದಿಮ್ಮಿ ಕೊರೆದು, ಒಂದು ಮಾದರಿಯ ಕ್ಯಾಮೆರಾಕ್ಕೆ ಮಾತ್ರ ಅಳತೆ ಹಿಡಿದು ಮಾಡಿದ ಪೆಟ್ಟಿಗೆ. ಒಳಗಿನ ಗುಂಡಿಗಳನ್ನೆಲ್ಲ ಹೊರಗಿನಿಂದಲೇ ಒತ್ತಬಹುದು. ಲೆನ್ಸಿನ ಮುಂದೆ ಗಾಜಿನದೋ ಅಕ್ರಿಲಿಕ್‌ನದೋ ಅರ್ಧಗೋಳ, ಅಂದರೆ ಡೋಮ್. ಹಾಂಗ್‌ಕಾಂಗ್‌ನ ನಾಟಿಕ್ಯಾಮ್, ಅಮೆರಿಕದ ಗೇಟ್ಸ್ ಈ ಕಸುಬಿನ ಪರಿಚಿತ ಹೆಸರುಗಳು. ಇನ್ನೊಂದು ಉತ್ತರ ಚೀಲ: ದಪ್ಪ ಪಿವಿಸಿಯದು, ಮುಂಭಾಗದಲ್ಲಿ ಚಪ್ಪಟೆ ಗಾಜು, ಬಾಯಿಗೆ ಬಿಗಿಯಾದ ಪಟ್ಟಿ. ಜರ್ಮನಿಯ ಇವಾ-ಮರೀನ್ ಇಂಥವನ್ನು ದಶಕಗಳಿಂದ ಮಾಡುತ್ತಿದೆ.

ಚೀಲದ ಪರ ವಾದಿಸುವವರನ್ನು ಜುಗ್ಗರೆಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಅವರ ಲೆಕ್ಕಾಚಾರ ಗಟ್ಟಿಯಾಗಿದೆ. ಸಿನಿಮಾ ಕ್ಯಾಮೆರಾಗಳ ಮಾದರಿ ಎರಡು-ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೊಸ ಕ್ಯಾಮೆರಾದ ಗುಂಡಿಯೊಂದು ಅರ್ಧ ಇಂಚು ಸರಿದಿದ್ದರೂ ಸಾಕು, ಲಕ್ಷಾಂತರ ರೂಪಾಯಿಯ ಹೌಸಿಂಗ್ ಗುಜರಿಗೆ ಸಮ. ಚೀಲಕ್ಕೆ ಆ ರಗಳೆಯಿಲ್ಲ. ಇವತ್ತು ರೆಡ್ ಕೊಮೊಡೊ, ನಾಳೆ ಇನ್ನೊಂದು. ಮಡಚಿ ಬ್ಯಾಗಿಗೆ ತುರುಕಿದರೆ ವಿಮಾನದಲ್ಲಿ ಹೆಚ್ಚುವರಿ ಸಾಮಾನಿನ ಶುಲ್ಕವೂ ಇಲ್ಲ. ಹೌಸಿಂಗಾದರೆ ಕ್ಯಾಮೆರಾ ಸಮೇತ ದೋಣಿಗೆ ಎತ್ತಿಡಲು ಇಬ್ಬರು ಬೇಕು. ಅದೂ ಅಲ್ಲದೆ ಮುಂಬಯಿಯಲ್ಲಿ ‘ಅಂಡರ್‌ವಾಟರ್’ ಎಂದರೆ ಬಹುಪಾಲು ಈಜುಕೊಳ. ನಾಯಕಿ ನೀರಿಗೆ ಬೀಳುವ ನಾಲ್ಕು ಸೆಕೆಂಡಿಗೆ, ಎರಡು ಮೀಟರ್ ಆಳಕ್ಕೆ, ನೂರು ಮೀಟರ್ ತಾಳುವ ಪೆಟ್ಟಿಗೆ ಏಕೆ?

ನಿಜ, ಆದರೆ ಆ ನ್ಯಾಯ ಕೊಳದ ಮಟ್ಟಿಗೆ. ಕಡಲಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಹತ್ತು ಮೀಟರಿಗೆ ಚೀಲದೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಮೂವತ್ತಕ್ಕೆ ಕಾಲು ಭಾಗವಾಗುತ್ತದೆ. ಪಿವಿಸಿ ಬಂದು ಕ್ಯಾಮೆರಾಕ್ಕೆ ಒದ್ದೆ ಅಂಗಿಯ ಹಾಗೆ ಅಂಟಿಕೊಳ್ಳುತ್ತದೆ. ಫೋಕಸ್ ರಿಂಗ್ ತಿರುಗುವುದಿಲ್ಲ; ಬೇಡದ ಗುಂಡಿ ತಾನಾಗಿ ಒತ್ತಿಕೊಳ್ಳುತ್ತದೆ; ಮೇಲೆ ತೇಲುತ್ತಿದ್ದ ಕ್ಯಾಮೆರಾ ಕೆಳಗೆ ಭಾರವಾಗಿ ಕೈ ಜಗ್ಗುತ್ತದೆ. ಹೌಸಿಂಗ್‌ನ ಗೋಡೆಯಾದರೋ ಬಗ್ಗುವುದಿಲ್ಲ. ಇಪ್ಪತ್ತು ಸೆಂಟಿಮೀಟರ್ ಅಗಲದ ಡೋಮ್ ಮೇಲೆ ಮೂವತ್ತು ಮೀಟರ್ ಆಳದಲ್ಲಿ ಒಂದು ಟನ್‌ಗೆ ಹತ್ತಿರದ ಭಾರ ಬೀಳುತ್ತದೆ, ಆದರೂ ಒಳಗಿನ ಗುಂಡಿಗಳು ದಡದಲ್ಲಿದ್ದಂತೆಯೇ ಕೆಲಸ ಮಾಡುತ್ತವೆ.

ಚಿತ್ರದ ಮಾತೂ ಇದೆ. ಚಪ್ಪಟೆ ಗಾಜಿನ ಹಿಂದಿನಿಂದ ನೋಡಿದರೆ ನೀರೊಳಗಿನ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ವೈಡ್ ಲೆನ್ಸಿನ ಅಗಲ ಕುಗ್ಗುತ್ತದೆ, ಅಂಚಿನಲ್ಲಿ ಬಣ್ಣ ಒಡೆಯುತ್ತದೆ. ನೀರೊಳಗೆ ವೈಡ್ ಬೇಕೇಬೇಕು. ಮೀನಿಗೂ ಲೆನ್ಸಿಗೂ ನಡುವೆ ನೀರು ಹೆಚ್ಚಿದಷ್ಟೂ ಚಿತ್ರ ಮಂಕು, ಆದ್ದರಿಂದ ಹತ್ತಿರ ಹೋಗಿಯೇ ತೆಗೆಯಬೇಕು. ಡೋಮ್ ಆ ಅಗಲವನ್ನು ಉಳಿಸಿಕೊಡುತ್ತದೆ. ಹಾಗೆಂದು ಡೋಮ್ ದೋಷರಹಿತವೇನಲ್ಲ, ಅದರಿಂದಲೂ ಮೂಲೆಗಳು ಮೆದುವಾಗುತ್ತವೆ. ‘ಅವತಾರ್: ದ ವೇ ಆಫ್ ವಾಟರ್’ (2022) ತಂಡ ಬಳಸಿದ ಡೀಪ್‌ಎಕ್ಸ್ ವ್ಯವಸ್ಥೆಯಲ್ಲಿ ಡೋಮನ್ನೇ ಕೈಬಿಟ್ಟು, ನೀರಿಗೆ ನೇರವಾಗಿ ಮೈಯೊಡ್ಡುವ ಹಳೆಯ ನಿಕೊನಾಸ್ ಲೆನ್ಸ್‌ಗಳನ್ನು ಹೊಸ ಕ್ಯಾಮೆರಾಗಳಿಗೆ ಜೋಡಿಸಿದರು. ಕಡಲ ಶೋಧಕ ಕೂಸ್ಟೊನ ಕಾಲದಲ್ಲಿ ಹುಟ್ಟಿದ ಕ್ಯಾಮೆರಾ ಕುಲದ ಲೆನ್ಸ್‌ಗಳವು.

ಇಷ್ಟು ಹೇಳಿದ ಮೇಲೆ ಹೌಸಿಂಗ್ ಪಕ್ಷದವರು ಗೆದ್ದೆವೆಂದು ಎದ್ದು ಹೋಗಬಹುದು. ಹೋಗಬಾರದು. ಅವರು ಸಾಮಾನ್ಯವಾಗಿ ಹೆಮ್ಮೆಪಡುವುದು ಆಳದ ಅಂಕಿಯ ಬಗ್ಗೆ, ಆದರೆ ಹೌಸಿಂಗಿಗೆ ನೀರು ನುಗ್ಗುವುದು ಹೆಚ್ಚಾಗಿ ಮೊದಲ ಕೆಲವೇ ಮೀಟರಿನಲ್ಲಿ. ಮುಚ್ಚಳದ ಸುತ್ತ ಕೂತಿರುವ ರಬ್ಬರ್ ಓ-ರಿಂಗ್ ಅನ್ನು ಆಳದ ಒತ್ತಡವೇ ಅದುಮಿ ಬಿಗಿಮಾಡುತ್ತದೆ. ಮೇಲ್ಮೈ ಹತ್ತಿರ ಆ ಸಹಾಯ ಇರುವುದಿಲ್ಲ. ಆದ್ದರಿಂದ ಕ್ಯಾಮೆರಾದ ಅಳಿವು-ಉಳಿವು ಬಹುಮಟ್ಟಿಗೆ ತೀರ್ಮಾನವಾಗುವುದು ದಡದಲ್ಲೇ, ಮೇಜಿನ ಮೇಲೆ. ರಿಂಗನ್ನು ಬೆರಳಿನಿಂದ ಎಬ್ಬಿಸಿ ತೆಗೆಯಬೇಕು, ಚೂಪಾದುದನ್ನು ತಾಗಿಸುವಂತಿಲ್ಲ. ನೂಲು ಬಿಡದ ಬಟ್ಟೆಯಿಂದ ರಿಂಗ್ ಕೂರುವ ತೋಡನ್ನು ಒರೆಸಿ, ಹೌಸಿಂಗ್‌ನವರೇ ಹೇಳಿದ ಗ್ರೀಸನ್ನು ಹೊಳಪು ಬರುವಷ್ಟು ಮಾತ್ರ ಸವರಿ, ರಿಂಗನ್ನು ಎರಡು ಬೆರಳ ನಡುವೆ ಸುತ್ತಲೂ ಎಳೆದು ನೋಡಬೇಕು. ಒಂದು ಮರಳಿನ ಕಣವೋ ತಲೆಗೂದಲೋ ಸಿಕ್ಕಿಕೊಂಡಿದ್ದರೆ ಅದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಆಮೇಲೆ ಕೈಪಂಪಿನಿಂದ ಒಳಗಿನ ಗಾಳಿ ಎಳೆದು, ಒತ್ತಡ ನಿಲ್ಲುತ್ತದೆಯೇ ಎಂದು ಕಾಯಬೇಕು. ಆ ಕಾಯುವ ಹೊತ್ತನ್ನು ಕಂಡರೆ ಪ್ರೊಡಕ್ಷನ್‌ನವರಿಗೆ ಆಗುವುದಿಲ್ಲ. ದೋಣಿಯ ಬಾಡಿಗೆ ಓಡುತ್ತಿರುತ್ತದೆ, ನಟರು ವೆಟ್‌ಸೂಟಿನಲ್ಲಿ ಬೇಯುತ್ತಿರುತ್ತಾರೆ.

ಮುಂಬಯಿಯ ಹವೆಯದು ಬೇರೆಯೇ ಕಾಟ. ತೇವ ತುಂಬಿದ ಗಾಳಿಯಲ್ಲಿ ಹೌಸಿಂಗ್ ಮುಚ್ಚಿ ತಣ್ಣನೆಯ ನೀರಿಗಿಳಿಸಿದರೆ ಡೋಮ್ ಒಳಗಿನಿಂದ ಮಂಜಾಗುತ್ತದೆ. ಎ.ಸಿ. ಕೋಣೆಯ ಒಣಗಾಳಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಮುಚ್ಚಿದರೆ ಒಳ್ಳೆಯದು. ಆದರೆ ಕಾರ್ಡ್ ತುಂಬುತ್ತದೆ, ಬ್ಯಾಟರಿ ಇಳಿಯುತ್ತದೆ, ದೋಣಿಯ ಮೇಲೆ ಬಿಚ್ಚಲೇಬೇಕಾಗುತ್ತದೆ. ಒದ್ದೆ ಕೈ, ಉಪ್ಪಿನ ಸಿಡಿತ, ಗಾಳಿ. ಅಪಾಯದ ಗಳಿಗೆಯೆಂದರೆ ಅದೇ. ಚೀಲವನ್ನೂ ಬಿಚ್ಚಬೇಕಾಗುತ್ತದೆ ಅನ್ನಿ, ಆದರೆ ಅದರ ಬಾಯಿ ಮತ್ತೆ ಬಿಗಿಯಲು ಇಷ್ಟೊಂದು ಶಾಸ್ತ್ರವಿಲ್ಲ. (ನೆನೆದ ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯುವ ಉಪಾಯವನ್ನು ಇನ್ನೂ ಕೆಲವರು ಹೇಳುತ್ತಾರೆ. ಸಮುದ್ರದ ನೀರು ಆರಿದರೂ ಉಪ್ಪು ಒಳಗೇ ಉಳಿದು, ಗಾಳಿಯ ತೇವ ಹೀರಿ ಸರ್ಕಿಟ್ ತಿನ್ನುತ್ತಲೇ ಇರುತ್ತದೆ. ಅಕ್ಕಿ ಅನ್ನಕ್ಕಿರಲಿ.)

ಇನ್ನೂ ಆಳಕ್ಕೆ ಹೋದರೆ ವಾದದ ಸ್ವರೂಪವೇ ಬದಲಾಗುತ್ತದೆ. 1995ರಲ್ಲಿ ನಿರ್ದೇಶಕ ಜೇಮ್ಸ್ ಕ್ಯಾಮೆರಾನ್ ಟೈಟಾನಿಕ್ ಅವಶೇಷವನ್ನು ಸುಮಾರು 3,800 ಮೀಟರ್ ಆಳದಲ್ಲಿ ಚಿತ್ರಿಸಿದಾಗ, ವಿಶೇಷವಾಗಿ ಕಟ್ಟಿಸಿದ ಪೆಟ್ಟಿಗೆಯೊಳಗಿನ 35 ಎಂ.ಎಂ. ಕ್ಯಾಮೆರಾದಲ್ಲಿ ಹತ್ತು-ಹದಿನೈದು ನಿಮಿಷಕ್ಕಾಗುವಷ್ಟೇ ಫಿಲ್ಮ್ ಹಿಡಿಯುತ್ತಿತ್ತು. 2012ರ ಮಾರ್ಚ್‌ನಲ್ಲಿ ಅದೇ ಮನುಷ್ಯ ಮರಿಯಾನಾ ಕಂದಕದ ತಳಕ್ಕೆ, ಹತ್ತು ಸಾವಿರ ಮೀಟರಿಗೂ ಕೆಳಗೆ ಇಳಿದಾಗ ತನ್ನ ನೌಕೆಯ ಹೊರಗೆ ಕಟ್ಟಿಕೊಂಡದ್ದು ಅದಕ್ಕೆಂದೇ ಮಾಡಿಸಿದ ಪುಟ್ಟ ಕ್ಯಾಮೆರಾಗಳನ್ನು. ಕಾರಣ ಸರಳ: ಪೆಟ್ಟಿಗೆ ಹಿಗ್ಗಿದಷ್ಟೂ ಒತ್ತಡ ಬೀಳುವ ಮೈ ಹೆಚ್ಚು, ಗೋಡೆ ದಪ್ಪ, ತೂಕ, ಖರ್ಚು. ನಮ್ಮ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ತೈಲಕ್ಷೇತ್ರದಲ್ಲಿ ಸುಮಾರು 75 ಮೀಟರ್ ನೀರಿನಡಿ ಪೈಪು, ಬೆಸುಗೆ ನೋಡಲು ಇಳಿಯುವ ಕ್ಯಾಮೆರಾಗಳೂ ಅಂಥವೇ: ಲೋಹದ ಕೊಳವೆಯಲ್ಲಿ ಭದ್ರವಾಗಿ ಮುಚ್ಚಿದ್ದು, ಹಿಂದಿನಿಂದೊಂದು ಕೇಬಲ್. ಚಿತ್ರದಲ್ಲಿ ಸೊಬಗಿಲ್ಲ, ಆದರೆ ಕೆಲಸದ ನಡುವೆ ಮುಚ್ಚಳ ಬಿಚ್ಚಬೇಕಿಲ್ಲದ್ದರಿಂದ ಕೂದಲು ಸಿಕ್ಕಿಕೊಳ್ಳುವ ಪ್ರಶ್ನೆಯೂ ಇಲ್ಲ.

ನನಗನ್ನಿಸುವುದಿಷ್ಟು. ಮುಂಬಯಿಯ ಸ್ವಂತ ಕಡಲಿಗೆ ಹೌಸಿಂಗ್ ದಂಡ. ಮಾಹಿಮ್, ಠಾಣೆ ಖಾರಿಗಳ ಹೂಳು, ದಿನಕ್ಕೆರಡು ಸಲ ಏರಿಳಿಯುವ ಭರತ. ನೀರು ಸದಾ ಕದಡಿರುತ್ತದೆ. ಇಳಿತದ ಹೊತ್ತಿಗೆ ಕಾರ್ಟರ್ ರೋಡ್, ಹಾಜಿ ಅಲಿ ಬಂಡೆಗಳ ಗುಂಡಿಗಳಲ್ಲಿ ಕಾಣುವ ಹವಳ, ಏಡಿ, ಕಡಲಹೂವುಗಳಿಗೆ ಚಿಕ್ಕ ಕ್ಯಾಮೆರಾ, ಹೆಚ್ಚೆಂದರೆ ಒಂದು ಚೀಲ ಸಾಕು. ಆಳ, ತಿಳಿನೀರು ಬೇಕೆಂದವರು ಹೇಗೂ ಬೇರೆಡೆ ಹೋಗುತ್ತಾರೆ. ‘ಬ್ಲೂ’ (2009) ಬಹಾಮಾಸ್‌ಗೆ ಹೋಯಿತು, ‘ಗಂಧದ ಗುಡಿ’ಯಲ್ಲಿ (2022) ಪುನೀತ್ ರಾಜ್‌ಕುಮಾರ್ ನೀರಿಗಿಳಿದದ್ದು ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ, ಕಡಿಮೆ ಬಜೆಟ್ಟಿನವರಿಗೆ ಮಾಲವಣದ ತಾರ್ಕರ್ಲಿ ಇದೆ. ಅಲ್ಲಿಗೆ ಹೌಸಿಂಗ್ ಇಲ್ಲದೆ ಹೋಗುವುದು ದಂಡದ ಪ್ರಯಾಣ, ಚೀಲ ಎಷ್ಟೇ ಅಗ್ಗವಾಗಿರಲಿ.

ಉಳಿದದ್ದು ಮಾದರಿ ಬದಲಾಗುವ ತಕರಾರು, ಅದು ಚೀಲದವರ ಅತ್ಯಂತ ಬಲವಾದ ವಾದ. ಅದಕ್ಕೆ ಹೌಸಿಂಗ್ ಪಕ್ಷದವರು ಇನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ನನಗೆ ತೋಚುವ ದಾರಿಯೊಂದಿದೆ: ಅಂಧೇರಿಯ ಅಂಗಡಿಗಳು ಒಂದು ಚಿಕ್ಕ ಸಿನಿಮಾ ಕ್ಯಾಮೆರಾವನ್ನು ನೀರಿಗೆಂದೇ ಎತ್ತಿಟ್ಟು, ಹೊಸ ಮಾದರಿ ಬಂದರೂ ಮಾರದೆ, ಅದರ ಹೌಸಿಂಗ್ ಜೊತೆಗೆ ಜೋಡಿಯಾಗಿಯೇ ಬಾಡಿಗೆಗೆ ಕೊಡಬಹುದು. ಐದಾರು ವರ್ಷ ಹಳೆಯ ಸೆನ್ಸರ್ ನೀರೊಳಗಿನ ಬೆಳಕಿಗೆ ಏನೂ ಕಡಿಮೆಯಾಗದು. ಜೊತೆಗೆ ಹೋಗುವ ಅಟೆಂಡೆಂಟ್‌ಗೂ ಪ್ರತಿಸಲ ಹೊಸ ಮುಚ್ಚಳ ಕಲಿಯುವುದು ತಪ್ಪುತ್ತದೆ.